ಸಮಾಧಿಗಲ್ಲುಗಳಂತೆ ಕಾಣುವ ಏಳು ಕಲ್ಲುಗಳು

ನಾನು ಈವರೆಗೆ ಬರೆದ ಜರ್ಮನ್ ವಾಕ್ಯಗಳಲ್ಲಿ ಒಂದೂ ತಪ್ಪಿಲ್ಲದ್ದು ಅಂತ ಖಾತ್ರಿಯಾಗಿ ಹೇಳಬಹುದಾದದ್ದು ಒಂದೇ ಒಂದು. ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ರಟ್ಟಿಗೆ ಸಿಕ್ಕಿಸಿದ ಕಾಗದದ ಮೇಲೆ, ನಿಂತುಕೊಂಡೇ ಬರೆದದ್ದು. ‘ತೋಟ ನಲವತ್ತೊಂದು: ಸಮಾಧಿಗಲ್ಲುಗಳಂತೆ ಕಾಣುವ ಏಳು ಕಲ್ಲುಗಳು. ತೆಗೆಯಬೇಕು.’ ಇಪ್ಪತ್ತೆಂಟು ವರ್ಷದಿಂದ ಈ ದೇಶದಲ್ಲಿದ್ದೇನೆ. ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪುಟಗಟ್ಟಲೆ ವರದಿ ಬರೆದಿದ್ದೇನೆ, ಪ್ರತಿಯೊಂದರಲ್ಲೂ ಯಾರಾದರೂ ಒಂದೆರಡು ಕಡೆ ತಿದ್ದಿಯೇ ಮುಂದಕ್ಕೆ ಕಳಿಸಿದ್ದಾರೆ. ಈ ಎರಡು ಸಾಲನ್ನು ಮಾತ್ರ ಯಾರೂ ತಿದ್ದಲಿಲ್ಲ. ತಿದ್ದಿದ್ದರೆ ಚೆನ್ನಾಗಿತ್ತು.

ಎರ್ಲಾಂಗೆನ್‌ನ ಅಂಚಿನಲ್ಲಿ, ರೈಲು ಹಳಿಯ ಆಚೆ, ಸಾಲಾಗಿ ಪುಟ್ಟ ಪುಟ್ಟ ತೋಟಗಳಿವೆ. ಫ್ಲ್ಯಾಟಿನಲ್ಲಿರುವ ಜನ ಸಂಘವೊಂದರಿಂದ ಒಂದೊಂದು ತುಂಡು ನೆಲ ಗುತ್ತಿಗೆ ಹಿಡಿದು, ಒಂದು ಮರದ ಗುಡಿಸಲು, ಎರಡು ಹಣ್ಣಿನ ಮರ, ಒಂದಿಷ್ಟು ತರಕಾರಿ ಅಂತ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಶ್ರೇಬರ್‌ಗಾರ್ಟನ್ ಅನ್ನುತ್ತಾರೆ. ಹೆಸರಿಗೆ ತೋಟ, ನಿಜದಲ್ಲಿ ಅದೊಂದು ನಿಯಮಾವಳಿ, ನಡುನಡುವೆ ಸ್ವಲ್ಪ ಹುಲ್ಲು. ಬೇಲಿ ಎದೆಮಟ್ಟ ಮೀರಬಾರದು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ಮಾಡಬಾರದು. ಮೂರರಲ್ಲೊಂದು ಪಾಲು ನೆಲದಲ್ಲಿ ತಿನ್ನುವಂಥದ್ದನ್ನೇ ಬೆಳೆಯಬೇಕು. ನಾಲ್ಕು ವರ್ಷ ಪಟ್ಟಿಯಲ್ಲಿ ಕಾದ ಮೇಲೆ ನಮಗೆ ನಲವತ್ತನೇ ನಂಬರು ಸಿಕ್ಕಿತು. ಸಿಕ್ಕ ದಿನವೇ ನಾನು ನಿಯಮದ ಪುಸ್ತಿಕೆಯನ್ನು ಎರಡು ಸಲ ಓದಿದೆ. ನನ್ನ ಗಂಡ ಅದರ ಮೇಲೆ ಟೊಮೆಟೊ ಬೀಜ ಒಣಹಾಕಿದರು.

ಪಕ್ಕದ ನಲವತ್ತೊಂದರಲ್ಲಿ ಸ್ಕಾಟ್ಲೆಂಡಿನ ಹಿರಿಯರೊಬ್ಬರಿದ್ದರು. ಯಂತ್ರಗಳ ಜೊತೆ ಕೊಡುವ ಕೈಪಿಡಿಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ಅವರ ಜೀವಮಾನದ ಕೆಲಸ. ಆದರೆ ತೋಟ ಅವರದ್ದಲ್ಲ, ಅವರ ಹೆಂಡತಿಯದು. ಆಕೆ ಇಲ್ಲೇ ಪಕ್ಕದ ಹಳ್ಳಿಯವರು, ದೊಡ್ಡ ಕೈ, ದೊಡ್ಡ ನಗು. ನಾವು ಬಂದ ಮೊದಲ ವಾರವೇ ಬೇಲಿಯ ಮೇಲಿಂದ ಅರ್ಧ ಬಕೆಟ್ ಸೌತೆಕಾಯಿ ದಾಟಿಸಿದರು. ಖಾಲಿ ಬಕೆಟ್ ವಾಪಸು ಕೊಡಬಾರದು ಅಂತ ನಾನು ಒಂದು ಹಳೆಯ ಲಕೋಟೆಯಲ್ಲಿ ಕೊತ್ತಂಬರಿ ಬೀಜ ಹಾಕಿ ಕೊಟ್ಟೆ. ಆಮೇಲೆ ಪ್ರತಿ ಬೇಸಿಗೆ ಬೇಲಿಯ ಆಚೆಯಿಂದ ‘ಗೊದ್ದಂಬರಿ?’ ಅಂತ ಒಂದು ಕೂಗು ಬರುವುದು. ನಿಮ್ಮದು ಬಂತಾ, ನಂದು ಬಂದಿದೆ, ಅಂತ ಅರ್ಥ. ಕ, ತ ಎಲ್ಲವನ್ನೂ ಮೆತ್ತಗೆ ಮಾಡಿ ಗ, ದ ಅನ್ನುವುದು ಈ ಫ್ರಾಂಕನ್ ಸೀಮೆಯವರ ರೂಢಿ.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಆಕೆ ಇದ್ದಕ್ಕಿದ್ದಂತೆ ತೀರಿಕೊಂಡರು. ಆ ವಸಂತದಲ್ಲಿ ನಲವತ್ತೊಂದರಲ್ಲಿ ಯಾರೂ ಪಾತಿ ಮಾಡಲಿಲ್ಲ. ಹುಲ್ಲು ಬೆಳೆಯಿತು. ಹಿರಿಯರು ದಿನಾ ಬರುತ್ತಿದ್ದರು, ಸೇಬಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಪುಸ್ತಕ ಓದಿ ಹೋಗುತ್ತಿದ್ದರು. ಒಂದು ದಿನ ನಾನು ಕಳೆ ಕೀಳುತ್ತ ಬೇಲಿಯ ಹತ್ತಿರ ಬಂದಾಗ, ‘ಏನು ಓದುತ್ತಿದ್ದೀರಿ?’ ಅಂತ ಸೌಜನ್ಯಕ್ಕೆ ಕೇಳಿದೆ. ಅವರು ಸೌಜನ್ಯಕ್ಕೆ ಉತ್ತರ ಕೊಡುವ ಜನವಲ್ಲ. ಆ ಬೇಸಿಗೆ ಪೂರ್ತಿ, ಮುಂದಿನ ಬೇಸಿಗೆಯೂ, ನನಗೆ ಬೇಲಿಯ ಮೇಲಿಂದ ಅವರ ನಾಡಿನ ಈಗಿನ ಕವಿತೆಯ ಪಾಠ ಆಯಿತು.

ಸ್ಕಾಟ್ಲೆಂಡ್ ಅಂದರೆ ನನಗೆ ಆವರೆಗೆ ಗೊತ್ತಿದ್ದದ್ದು ವಿಸ್ಕಿ, ಕುರಿ, ಗಂಡಸರು ತೊಡುವ ಲಂಗ. ಅಲ್ಲಿ ಕವಿಗಳು ಮೂರು ಭಾಷೆಯಲ್ಲಿ ಬರೆಯುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ. ಕಚೇರಿಗೆ, ಶಾಲೆಗೆ ಇಂಗ್ಲಿಷ್. ಅಡಿಗೆಮನೆಗೆ, ಬೀದಿಗೆ, ಜಗಳಕ್ಕೆ ಸ್ಕಾಟ್ಸ್. ಪಶ್ಚಿಮದ ದ್ವೀಪಗಳಲ್ಲಿ ಗೇಲಿಕ್. ಇವರು ಸ್ಕಾಟ್ಸ್ ಮನೆಯ ಹುಡುಗ. ಶಾಲೆಯಲ್ಲಿ ಒಂದು ಸಲ ಮೇಷ್ಟ್ರು ಏನೋ ಕೇಳಿದಾಗ ಮನೆಯಲ್ಲಿ ಹೇಳುವ ಹಾಗೆ ಉತ್ತರ ಕೊಟ್ಟಿದ್ದಕ್ಕೆ ಅಂಗೈಗೆ ಚರ್ಮದ ಪಟ್ಟಿಯ ಏಟು ಬಿತ್ತಂತೆ. ‘ಆಮೇಲೆ ನಲವತ್ತು ವರ್ಷ ಆ ಮಾತು ಬಾಯಿಗೆ ಬರಲಿಲ್ಲ. ಕವಿಗಳು ಅದನ್ನು ಅಚ್ಚು ಹಾಕಿದ ಮೇಲೆ ವಾಪಸು ಬಂತು,’ ಅಂದರು. ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸು ಗೊಣಗಿದ್ದನ್ನು, ಬಾಯಲ್ಲಿ ಬಂದ ಹಾಗೆಯೇ ಬರೆದ ಕವಿತೆಗಳನ್ನು ಓದಿ ತೋರಿಸಿದರು. ನನಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಆದರೆ ಆ ಹೆಂಗಸಿಗೆ ಸಿಟ್ಟು ಬಂದಿದೆ, ಕಾಲು ನೋಯುತ್ತಿದೆ, ಅವಳು ತಮಾಷೆಯ ಹೆಂಗಸು ಅನ್ನುವುದು ಮೂರೂ ಗೊತ್ತಾಯಿತು.

ನಮ್ಮಪ್ಪ ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಕವಿತೆ ಅಂದರೆ ನನಗೆ ಬೆಳಿಗ್ಗೆ ಸ್ನಾನಕ್ಕೆ ಮೊದಲು ನಿಂತು ಒಪ್ಪಿಸುವುದು, ತಪ್ಪಿದರೆ ಕಿವಿ ಹಿಂಡಿಸಿಕೊಳ್ಳುವುದು. ಹಾಗಾಗಿ ನಾನು ಸುಲಭಕ್ಕೆ ಒಪ್ಪಿಕೊಳ್ಳುವವಳಲ್ಲ. ಒಂದು ದಿನ ಅವರು ಬರೀ ಹೆಸರುಗಳಿರುವ ಕವಿತೆ ಓದಿದರು. ಕುರಿ ಮೇಯಿಸಲಿಕ್ಕೆ ಅಂತ ಜಮೀನ್ದಾರರು ಒಂದು ಕಣಿವೆಯ ಜನರನ್ನೆಲ್ಲ ಎಬ್ಬಿಸಿ ಓಡಿಸಿದ್ದರಂತೆ. ಆ ಕಣಿವೆಯ ಒಂದೊಂದು ಮನೆಯ ಹೆಸರು, ಒಂದರ ಕೆಳಗೊಂದು. ಅಷ್ಟೇ. ಅಳು ಇಲ್ಲ, ಶಾಪ ಇಲ್ಲ.

‘ಇದು ದಿನಸಿ ಚೀಟಿ,’ ಅಂದೆ ನಾನು.

‘ಹೌದು. ಆದರೆ ಅಂಗಡಿ ಇಲ್ಲ,’ ಅಂದರು ಅವರು.

ಅವತ್ತು ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ನಮ್ಮಜ್ಜಿಯ ಊರಿನ ಹೊಲಗಳ ಹೆಸರು ನೆನಪಾಗುತ್ತಾ ಹೋಯಿತು. ಹುಣಿಸೇಮರದ ಹೊಲ, ಕುಂಟಪ್ಪನ ಹೊಲ, ಸವತಿ ಹೊಲ. ಒಂದರ ಕೆಳಗೊಂದು ಇಡುತ್ತಾ ಹೋದವಳು ನಮ್ಮ ಬೀದಿಯ ತಿರುವನ್ನೇ ದಾಟಿಬಿಟ್ಟೆ. ಇದನ್ನು ನಾನು ಅವರಿಗೆ ಹೇಳಲಿಲ್ಲ, ವಾದದಲ್ಲಿ ಸೋತ ಹಾಗಾಗುತ್ತಿತ್ತು.

ಒಂದೇ ಪದದ ಕವಿತೆಯೂ ಉಂಟು ಅಂದರು. ಶೀರ್ಷಿಕೆ ಎಷ್ಟು ಉದ್ದ ಬೇಕಾದರೂ ಇರಬಹುದು, ಕವಿತೆ ಮಾತ್ರ ಒಂದು ಪದ. ತಾವೇ ಒಂದು ಕಟ್ಟಿದ್ದರು. ಶೀರ್ಷಿಕೆ: ‘ಹದಿನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ, ದಡದಲ್ಲಿ ನಿಂತ ಪ್ರವಾಸಿ ಇವತ್ತು ಬಿಸಿಲು ಬರಬಹುದಾ ಅಂತ ಕೇಳಿದಾಗ ದೋಣಿಯವನು ಕೊಟ್ಟ ಉತ್ತರ’. ಕವಿತೆ: ‘ಹೂಂ.’ ಇನ್ನೊಂದು ಬಗೆಯಿತ್ತು. ಎಲ್ಲೋ ಬಿದ್ದಿರುವ ಮಾತನ್ನು ಎತ್ತಿಕೊಂಡು, ಒಂದಕ್ಷರ ಸೇರಿಸದೆ, ಸಾಲು ಮುರಿದು ಇಡುವುದು. ಯಂತ್ರದ ಕೈಪಿಡಿಗಳಲ್ಲಿ ಅವರಿಗೆ ಅಂಥವು ರಾಶಿ ಸಿಕ್ಕಿದ್ದವು. ‘ಮುಚ್ಚಳ ತೆಗೆಯುವ ಮೊದಲು / ಒಳಗಿನದೆಲ್ಲ / ನಿಲ್ಲುವವರೆಗೆ / ಕಾಯಿರಿ.’ ನಾನು ನಕ್ಕೆ, ಆಮೇಲೆ ನಗು ನಿಂತಿತು. ಅವರ ಹೆಂಡತಿ ಹೋಗಿ ಆಗ ಒಂದೂವರೆ ವರ್ಷ.

ಇನ್ನು ಕಲ್ಲಿನ ವಿಷಯ. ಅವರ ಕಡೆ ಕವಿಗಳು ಕಲ್ಲಿನಲ್ಲಿ ಕೊರೆದು ಬಯಲಿನಲ್ಲಿ, ನದಿ ದಡದಲ್ಲಿ ಇಡುವುದೂ ಉಂಟಂತೆ. ಪುಸ್ತಕದಲ್ಲಿ ಅರ್ಧ ಕವಿತೆ ಮಾತ್ರ ಇರುತ್ತದೆ, ಉಳಿದರ್ಧ ಅದು ನಿಂತ ಜಾಗದಲ್ಲಿ ಅನ್ನುತ್ತಿದ್ದರು. ಎರಡನೇ ಬೇಸಿಗೆಯ ಕೊನೆಗೆ ಉಳಿ, ಸುತ್ತಿಗೆ ತಂದುಕೊಂಡರು. ಗುಡಿಸಲಿನ ಒಳಗೆ, ಒಂದರಿಂದ ಮೂರರ ಹೊತ್ತು ಬಿಟ್ಟು, ಟಕ್ ಟಕ್ ಅಂತ ಸದ್ದು. ತಿಂಗಳಿಗೊಂದು ಕಲ್ಲು ಹುಲ್ಲಿನ ನಡುವೆ ಬಂದು ನಿಲ್ಲುತ್ತಿತ್ತು. ಮೊಣಕಾಲೆತ್ತರದ ಬೂದು ಕಲ್ಲು. ಮುಖವೆಲ್ಲ ಮರದ ಕೆಳಗಿನ ಬೆಂಚಿನ ಕಡೆಗೆ, ಬೆನ್ನು ನಮ್ಮ ಬೇಲಿಗೆ ಮತ್ತು ಹಾದಿಗೆ. ‘ಏನು ಬರೆದಿದ್ದೀರಿ?’ ಅಂತ ಕೇಳಿದೆ. ‘ಕಲ್ಲಿಗೆ ಒಂದು ಪದ. ಏಳೂ ಮುಗಿಯಲಿ, ಕರೀತೀನಿ. ಕೂತು ಓದಬೇಕು, ನಿಂತಲ್ಲ,’ ಅಂದರು. ಅವರ ದೇಶದ ಬೆಟ್ಟ, ಸಮುದ್ರ ಏನೋ ಇರಬೇಕು ಅಂದುಕೊಂಡು ಸುಮ್ಮನಾದೆ.

ಅದೇ ಚಳಿಗಾಲ ಸಂಘದ ಸಭೆಯಲ್ಲಿ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದರು. ಆ ಸಂಘದ ಸಮಿತಿಗೆ ಬಂದ ಮೊದಲ ಹೊರದೇಶದವಳು ನಾನೇ. ಮನೆಗೆ ಬಂದು ಕೇಸರಿಬಾತ್ ಮಾಡಿದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನು ಹಳೆಯ ಕಡತಗಳನ್ನೆಲ್ಲ ಓದಿ, ಬಣ್ಣದ ಚೀಟಿ ಅಂಟಿಸಿ, ಅಧ್ಯಕ್ಷರಿಗೇ ಮರೆತುಹೋಗಿದ್ದ ಎರಡು ನಿಯಮ ನೆನಪಿಸಿದೆ.

ವಸಂತದಲ್ಲಿ ಸಮಿತಿಯವರು ಪ್ರತಿ ತೋಟಕ್ಕೂ ಹೋಗಿ ನೋಡಿ ಬರುವ ಪದ್ಧತಿಯಿದೆ. ಅಧ್ಯಕ್ಷರು ಮುಂದೆ, ನಿವೃತ್ತ ರೈಲ್ವೆ ನೌಕರರು, ಅಳತೆ ಕೋಲು ಹಿಡಿದು. ನಾನು ಹಿಂದೆ, ರಟ್ಟು ಹಿಡಿದು. ನಲವತ್ತೊಂದರ ಬಾಗಿಲಿಗೆ ಬಂದಾಗ ಹಿರಿಯರು ಇರಲಿಲ್ಲ, ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದರು. ಅಧ್ಯಕ್ಷರು ಹಾದಿಯಲ್ಲೇ ನಿಂತು ಕತ್ತು ಚಾಚಿದರು. ಹುಲ್ಲು. ಒಂದೂ ಪಾತಿಯಿಲ್ಲ. ಹುಲ್ಲಿನಲ್ಲಿ ಬೆನ್ನು ಹಾಕಿ ನಿಂತ ಏಳು ಕಲ್ಲು. ‘ಇದೇನಿದು?’ ಅಂದರು.

ಅವರು ಕೇಳಿದ್ದು ನನ್ನನ್ನು. ಪಕ್ಕದವಳು ನಾನೇ ಅಲ್ಲವೇ. ಅದು ಕವಿತೆ, ಅವರ ಹೆಂಡತಿ ತೀರಿಕೊಂಡಿದ್ದಾರೆ, ಸ್ವಲ್ಪ ಸಮಯ ಕೊಡೋಣ ಅಂತ ಹೇಳಬಹುದಿತ್ತು. ಏನೂ ಹೇಳದೆ ಇರಬಹುದಿತ್ತು. ಆದರೆ ನೆರೆಯವರಿಗೆ ಒಂದು, ಊರಿಗೆ ಒಂದು ಅಂತ ಯಾರಾದರೂ ಅಂದರೆ? ಹೊರಗಿನವರಿಗೆ ನಿಯಮ ಗೊತ್ತಿಲ್ಲ ಅಂದರೆ? ನನ್ನ ಕೈ ನನಗಿಂತ ಮುಂಚೆ ಓಡಿತು. ಬರೆದದ್ದನ್ನು ಓದಿ ಹೇಳಿದಾಗ ಅಧ್ಯಕ್ಷರು ‘ಚೆನ್ನಾಗಿ ಬರೆದಿದ್ದೀರಿ’ ಅಂದರು. ನನಗೆ ಸಂತೋಷವಾಯಿತು. ಆ ಸಂತೋಷವನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಹತ್ತು ದಿನದಲ್ಲಿ ಸಂಘದ ಪತ್ರ ಅವರಿಗೆ ಹೋಯಿತು. ಮೇ ಕೊನೆಯೊಳಗೆ ಕಲ್ಲು ತೆಗೆದು, ಮೂರರಲ್ಲೊಂದು ಪಾಲು ತರಕಾರಿ ಹಾಕಬೇಕು. ಇಲ್ಲದಿದ್ದರೆ ಗುತ್ತಿಗೆ ರದ್ದು. ರದ್ದಾದರೆ ಪಟ್ಟಿಯಲ್ಲಿ ಮುಂದಿರುವವರಿಗೆ ತೋಟ ಹೋಗುತ್ತದೆ, ಆಕೆ ನೆಟ್ಟ ಸೇಬಿನ ಮರದ ಸಮೇತ. ಪತ್ರದ ಮಧ್ಯದಲ್ಲಿ ನನ್ನ ಎರಡು ಸಾಲು ಹಾಗೇ ಕೂತಿತ್ತು, ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ.

ಅವರು ಪತ್ರ ಹಿಡಿದುಕೊಂಡು ಬೇಲಿಯ ಹತ್ತಿರ ಬಂದರು. ನಾನು ಮೂಲಂಗಿ ಪಾತಿಯಲ್ಲಿ ಕೂತಿದ್ದೆ. ಕೂಗಾಡುತ್ತಾರೆ ಅಂದುಕೊಂಡೆ. ಕನ್ನಡಕ ಹಾಕಿಕೊಂಡು, ಕವಿತೆ ಓದುವ ದನಿಯಲ್ಲೇ, ನಿಧಾನವಾಗಿ ಓದಿದರು:

‘ಸಮಾಧಿಗಲ್ಲುಗಳಂತೆ
ಕಾಣುವ
ಏಳು ಕಲ್ಲುಗಳು.

ತೆಗೆಯಬೇಕು.’

‘ಒಳ್ಳೆ ಜರ್ಮನ್. ಸಾಲು ಮುರಿದದ್ದು ಮಾತ್ರ ನಾನು, ಉಳಿದದ್ದೆಲ್ಲ ನಿಮ್ಮದು,’ ಅಂದರು. ‘ಸುಳ್ಳೂ ಅಲ್ಲ.’

‘ನನ್ನಿಂದ ತಪ್ಪಾಯಿತು,’ ಅಂತ ಹೇಳಿದೆ. ಆ ಮಾತು ಜರ್ಮನ್‌ನಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ಕಲ್ಲಿನಲ್ಲಿ ಏನಿದೆ ಅಂತ ಅಧ್ಯಕ್ಷರಿಗೆ ವಿವರಿಸಿ, ಕೇಳುತ್ತಾರೆ, ನಾನೇ ಕರೆದುಕೊಂಡು ಬರುತ್ತೇನೆ ಅಂದೆ.

‘ವಿವರಿಸಿ ಉಳಿಸಿಕೊಳ್ಳಬೇಕಾದ ಕವಿತೆ ಉಳಿಯದಿದ್ದರೇ ಒಳ್ಳೆಯದು,’ ಅಂದರು. ಗುಡಿಸಲಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನದಿಂದ ತೋಟಕ್ಕೆ ಬರುವುದನ್ನೇ ಬಿಟ್ಟರು.

ನನ್ನ ಗಂಡನಿಗೆ ಊಟದ ಹೊತ್ತಿನಲ್ಲಿ ಎಲ್ಲ ಹೇಳಿದೆ.

‘ಅಲ್ಲ ಕಣೇ, ನಿಂಗೆ ಬರ್ಕೋ ಅಂತ ಯಾರು ಅಂದ್ರು? ಅವ್ರು ಏನೋ ಕೇಳಿದ್ರು, ಗೊತ್ತಿಲ್ಲಪ್ಪ ಅಂದ್ಬಿಟ್ಟು ಮುಂದಕ್ಕೆ ಹೋಗೋದು ತಾನೆ?’

‘ನಾನು ಸೆಕ್ರೆಟರಿ ಕಣ್ರೀ. ನೋಡಿದ್ದನ್ನ ಪ್ರೊಟೊಕೋಲಲ್ಲಿ ಬರೀದೆ ಇರಕ್ಕಾಗತ್ತಾ?’

‘ಬರಿ. ಬೇಲಿ ಎತ್ತರ ಬರಿ, ಹುಲ್ಲು ಬರಿ. ಸಮಾಧಿ ಅಂತ ಯಾಕೆ ಬರ್ದೆ? ಹೆಂಡ್ತಿ ಕಳ್ಕೊಂಡಿರೋ ಮನುಷ್ಯ.’ ಅವರು ತಟ್ಟೆ ಎತ್ತಿಕೊಂಡು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬರೆದ ಮಾತು ಹೋಗುವುದೂ ಇಲ್ಲ, ಕಡತದಲ್ಲಿ ಕೂತಿರುತ್ತದೆ.

ಮಗಳು ಮ್ಯಾನ್‌ಹೈಮ್‌ನಲ್ಲಿ ಓದುತ್ತಾಳೆ. ಫೋನಿನಲ್ಲಿ ಅವಳಿಗೂ ಹೇಳಿದೆ, ನಾನು ಕನ್ನಡದಲ್ಲಿ, ಅವಳು ಎಂದಿನಂತೆ ಜರ್ಮನ್‌ನಲ್ಲಿ. ‘ಅಮ್ಮಾ, ಯಾರೂ ಮಾಡದೆ ಇರೋ ನಿಯಮವನ್ನೂ ನೀನು ಪಾಲಿಸ್ತೀಯ,’ ಅಂದಳು. ಅವಳು ಸುಮ್ಮನೆ ಅಂದದ್ದು. ನನಗೆ ಮಾತ್ರ ಬೇರೆಯದೇ ನೆನಪಾಯಿತು. ಅವಳಿಗೆ ಮೂರು ವರ್ಷವಿದ್ದಾಗ ಕಿಂಡರ್‌ಗಾರ್ಟನ್ನಿನ ಟೀಚರೊಬ್ಬರು, ಮನೆಯಲ್ಲೂ ಜರ್ಮನ್ನೇ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲವಾಗುತ್ತದೆ ಅಂದಿದ್ದರು. ಅದು ನಿಯಮವಲ್ಲ, ಒಬ್ಬ ಹೆಂಗಸಿನ ಅಭಿಪ್ರಾಯ. ನಾನು ಅವತ್ತು ಸಂಜೆಯಿಂದಲೇ ಪಾಲಿಸಿದೆ. ನನ್ನ ತಪ್ಪು ಜರ್ಮನ್‌ನಲ್ಲೇ ಅವಳಿಗೆ ಊಟ ಮಾಡಿಸಿದೆ, ಮಲಗಿಸಿದೆ. ಬುದ್ಧಿ ಬಂದು ಮತ್ತೆ ಕನ್ನಡ ಶುರುಮಾಡುವ ಹೊತ್ತಿಗೆ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹಿರಿಯರ ಬಾಯಿಂದ ಮನೆಮಾತನ್ನು ಹೊಡೆದು ಬಿಡಿಸಿದ್ದರು. ನನಗೆ ಯಾರೂ ಹೊಡೆಯಬೇಕಾಗಲೇ ಇಲ್ಲ.

ಮೇ ಮೊದಲ ವಾರ ಬಂತು, ಹಿರಿಯರು ಬರಲಿಲ್ಲ. ಫೋನು ಎತ್ತಲಿಲ್ಲ. ಒಂದು ಬೆಳಿಗ್ಗೆ ನಾನು ನಲವತ್ತೊಂದರ ಬಾಗಿಲು ತೆಗೆದು ಒಳಗೆ ಹೋದೆ. ಅನುಮತಿಯಿಲ್ಲದೆ ಬೇರೆಯವರ ತೋಟಕ್ಕೆ ಕಾಲಿಡಬಾರದು ಅನ್ನುವುದು ಪುಸ್ತಿಕೆಯ ಒಂಬತ್ತನೇ ಪುಟದಲ್ಲಿದೆ. ಹೋಗಿ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಕೂತು ಓದಬೇಕು ಅಂತ ಅವರೇ ಹೇಳಿದ್ದರಲ್ಲ.

ಮೊದಲನೆಯದರಲ್ಲಿ ಗಗುಮ್ಮರ್ ಅಂತ ಇತ್ತು. ನನಗೆ ಒಂದು ಕ್ಷಣ ಇದು ಯಾವ ದ್ವೀಪದ ಭಾಷೆಯೋ ಅನ್ನಿಸಿತು. ಆಮೇಲೆ ಅರ್ಧ ಬಕೆಟ್ ಸೌತೆಕಾಯಿ ಬೇಲಿಯ ಮೇಲೆ ಬಂದ ದಿನ ನೆನಪಾಯಿತು. ಆಕೆ ಸೌತೆಕಾಯಿಗೆ ಅನ್ನುತ್ತಿದ್ದದ್ದೇ ಹಾಗೆ. ಪುಸ್ತಕದ ಜರ್ಮನ್ ಅಲ್ಲ, ಈ ಸೀಮೆಯ ಹಳ್ಳಿಯ ಮಾತು. ಎರಡನೆಯದು ಈರುಳ್ಳಿ, ತ್ಸ್ವೀಫ್ಲ್. ಮೂರನೆಯದು ಗ್ರೀ, ಈ ಕಡೆ ಹೊಲಗಟ್ಟಲೆ ಬೆಳೆಯುವ, ತುರಿದರೆ ಮೂಗಿಗೆ ಹೊಡೆಯುವ ಖಾರದ ಬೇರು. ಆಲೂಗೆಡ್ಡೆ, ಗಜ್ಜರಿ, ಹುರುಳಿಕಾಯಿ, ಎಲ್ಲ ಆಕೆಯ ಬಾಯಲ್ಲಿ ಬಂದ ಹಾಗೆಯೇ. ಸ್ಕಾಟ್ಲೆಂಡಿನದು ಒಂದೂ ಇರಲಿಲ್ಲ. ಯಾವ ಪಾತಿ ಎಲ್ಲಿತ್ತೋ ಅಲ್ಲೇ ಅದರ ಕಲ್ಲು ನಿಂತಿತ್ತು. ಒಂದೊಂದು ಪದದ ಕವಿತೆ, ಉಳಿದರ್ಧ ಹುಲ್ಲಿನ ಕೆಳಗೆ.

ಏಳನೆಯದು ನಮ್ಮ ಬೇಲಿಗೆ ಒತ್ತಿಕೊಂಡಂತೆ ಇತ್ತು. ಅದರ ಬೆನ್ನನ್ನು ನಾನು ತಿಂಗಳುಗಟ್ಟಲೆ ಒಂದು ಮಾರು ದೂರದಿಂದ ನೋಡಿದ್ದೆ. ಈಗ ಮುಖ ನೋಡಿದೆ. ‘ಕೊತ್ತಂಬರಿ’ ಅಂತ ಬರೆದಿತ್ತು. ಕನ್ನಡದಲ್ಲಿ. ಕ ಸ್ವಲ್ಪ ವಾಲಿಕೊಂಡು, ರ ಅಗತ್ಯಕ್ಕಿಂತ ದೊಡ್ಡದಾಗಿ. ಹಾಗೆ ಬರೆಯುವುದು ನಾನು. ರ ಅನ್ನು ಕುಂಬಳಕಾಯಿ ಮಾಡಬೇಡ ಅಂತ ಅಪ್ಪ ಎಷ್ಟು ಸಲ ಬೈದಿದ್ದರು.

ಲಕೋಟೆ ನೆನಪಾಯಿತು. ಬೀಜ ಕೊಟ್ಟ ದಿನ ಆಕೆ, ಇದರ ಮೇಲೆ ಹೆಸರು ಬರೆದುಕೊಡಿ, ನಿಮ್ಮ ಅಕ್ಷರದಲ್ಲೇ, ಅಂದಿದ್ದರು. ಬೇಲಿಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಗೀಚಿದ್ದೆ. ಅದನ್ನು ಆಕೆ ಇಟ್ಟುಕೊಂಡಿದ್ದರು. ಇವರು ಒಂದಕ್ಷರ ಗೊತ್ತಿಲ್ಲದೆ, ಗೆರೆಗೆ ಗೆರೆ ನೋಡಿಕೊಂಡು, ಆ ಪೆನ್ಸಿಲಿನ ನಡುಕವನ್ನೂ ಬಿಡದೆ ಕಲ್ಲಿಗೆ ಇಳಿಸಿದ್ದರು. ನನ್ನ ಕೈ ಬರೆದ ಒಂದನ್ನು ತೆಗೆಯಬೇಕು ಅಂತ ನನ್ನ ಕೈಯೇ ಬರೆದಿತ್ತು. ಬೆಂಚಿನ ಮೇಲೆ ಕೂತು ಅತ್ತೆ. ನಾಚಿಕೆಗೆ ಅತ್ತದ್ದು, ದುಃಖಕ್ಕೂ ಇರಬಹುದು, ಬಿಡಿಸಿ ಹೇಳಲಾರೆ.

ಮಧ್ಯಾಹ್ನವೇ ಅಧ್ಯಕ್ಷರನ್ನು ಕರೆದುಕೊಂಡು ಬಂದೆ. ಹೀಗೆ ಕದ್ದು ಒಳಗೆ ಹೋಗಿದ್ದೆ ಅಂತಲೂ ಹೇಳಿದೆ. ಅವರು ಹುಬ್ಬು ಗಂಟಿಕ್ಕಿಕೊಂಡೇ ಬೆಂಚಿನ ಮೇಲೆ ಕೂತು ಕಲ್ಲುಗಳನ್ನು ಓದಿದರು. ಮೂರನೆಯದಕ್ಕೆ ಬಂದಾಗ, ‘ಗ್ರೀ. ನಮ್ಮಜ್ಜಿ ಹೀಗೇ ಅನ್ನೋಳು. ನಾನು ಈಗ ಅನ್ನಲ್ಲ,’ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುವ ಜಾತಿಯ ಮನುಷ್ಯ ಅಂದುಕೊಂಡಿದ್ದೆ. ಪೂರ್ತಿ ಹಾಗಿರಲಿಲ್ಲ.

‘ಪಾತಿಗೆ ಹೆಸರುಫಲಕ ಇಡಬಾರದು ಅಂತ ನಿಯಮ ಇದೆಯಾ?’ ಅಂತ ನಾನು ಕೇಳಿದೆ.

‘ಇಲ್ಲ. ಯಾವುದರಿಂದ ಮಾಡಬೇಕು ಅಂತಲೂ ಇಲ್ಲ. ಆದರೆ ಹೆಸರಿದ್ದ ಕಡೆ ಗಿಡ ಇರಬೇಕು,’ ಅಂದರು. ಎದ್ದು ಅಳತೆ ಕೋಲು ತೆಗೆದುಕೊಂಡು, ‘ಮೇ ಕೊನೆಯ ಶನಿವಾರ ಮತ್ತೆ ಬರುತ್ತೇನೆ,’ ಅಂತ ಹೊರಟರು.

ಇನ್ನು ಹಿರಿಯರನ್ನು ಒಪ್ಪಿಸಬೇಕಿತ್ತು. ಅವರ ಮನೆಯ ಗಂಟೆ ಒತ್ತಿ, ಬಾಗಿಲಲ್ಲೇ ನಿಂತು, ಬೆಂಚಿನ ಮೇಲೆ ಕೂತು ಓದಿದೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ‘ಏಳೂ?’ ಅಂತ ಕೇಳಿದರು. ‘ಏಳೂ,’ ಅಂದೆ. ‘ಹಾಗಾದರೆ ವಿವರಿಸೋದೇನೂ ಉಳಿದಿಲ್ಲ,’ ಅಂದರು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, ಅಕ್ಷರ ತಲೆಕೆಳಗಾಗಿದ್ದರೆ ಅಂತ ಹೆದರಿಕೆಯಿತ್ತು, ನೀವು ನಕ್ಕುಬಿಟ್ಟರೆ ಅಂದರು. ನೆಲ ಅಗೆಯುವುದು ನಾನು, ಗಿಡ ಹಾಕುವುದು ನಾನು, ನೀವು ಬೆಂಚಿನ ಮೇಲೆ ಕೂತು ಬೈಯಿರಿ ಸಾಕು ಅಂದೆ. ಅವರು ಕೋಟು ಹಾಕಿಕೊಂಡರು.

ಮೂರು ವರ್ಷದ ಹುಲ್ಲಿನ ಬೇರು ಸುಲಭಕ್ಕೆ ಬಿಡುವುದಿಲ್ಲ. ನಾನೂ ನನ್ನ ಗಂಡನೂ ಎರಡು ವಾರ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ನೇರ ತೋಟಕ್ಕೆ ಬಂದು ಅಗೆದೆವು. ಈ ಕಡೆ ಮೇ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯವಿದೆ, ಹಾಗಾಗಿ ಸೌತೆ, ಹುರುಳಿಕಾಯಿ ಆಮೇಲೆ ಹಾಕಿದ್ದು. ಖಾರದ ಬೇರನ್ನು ಹಾಕಲೇಬೇಕಾಗಲಿಲ್ಲ. ಅಗೆಯುವಾಗ ಗ್ರೀ ಕಲ್ಲಿನ ಕೆಳಗೆ ಆಕೆ ನೆಟ್ಟದ್ದೇ ಇನ್ನೂ ಜೀವ ಹಿಡಿದುಕೊಂಡಿತ್ತು. ಹಿರಿಯರು ಅದನ್ನು ನೋಡಿ ಗುಡಿಸಲಿಗೆ ಹೋದರು, ಸ್ವಲ್ಪ ಹೊತ್ತು ಬಿಟ್ಟು ಟೀ ತಂದರು. ಮಗಳು ವಾರಾಂತ್ಯಕ್ಕೆ ಬಂದವಳು ಏಳನೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಅಕ್ಷರ ಸವರುತ್ತಾ, ‘ನಿನ್ನ ರ,’ ಅಂದಳು. ಅಷ್ಟು ಓದಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೇ ಕೊನೆಯ ಶನಿವಾರ ಅಧ್ಯಕ್ಷರು ಬಂದರು. ಈ ಸಲ ಹಾದಿಯಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಒಂದೊಂದು ಕಲ್ಲಿಗೂ ಬಗ್ಗಿದರು. ಹೆಸರು ಓದಿದರು, ಗಿಡ ನೋಡಿದರು, ಮುಂದೆ ಹೋದರು. ಏಳನೆಯದರ ಮುಂದೆ ನಿಂತರು. ಅಲ್ಲಿ ಬರಿ ಮಣ್ಣು. ನಾನು ಬೀಜವನ್ನು ಒಡೆದೇ ಬಿತ್ತಿದ್ದೆ, ಹದಿನೈದು ದಿನವಾಗಿತ್ತು, ಬಂದಿರಲಿಲ್ಲ. ಅವರು ಇನ್ನೂ ಬಗ್ಗಿ, ಕನ್ನಡಕ ಮೇಲೆತ್ತಿ, ಮಣ್ಣಿನಲ್ಲಿ ಮೂರು ಹಸಿರು ಎಳೆ ಹುಡುಕಿದರು. ‘ಇದೆ,’ ಅಂದರು. ನಾನು ಬರೆದುಕೊಂಡೆ: ‘ತೋಟ ನಲವತ್ತೊಂದು: ಏಳು ಪಾತಿ, ಏಳು ಹೆಸರು. ಸರಿಯಿದೆ.’ ಜರ್ಮನ್ ಸರಿಯಿತ್ತೋ ಇಲ್ಲವೋ ನೋಡಲಿಲ್ಲ.

ಅವರು ಹೋದ ಮೇಲೆ ಹಿರಿಯರು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಏಳನೇ ಕಲ್ಲಿನ ಕಡೆ ಕೈ ತೋರಿಸಿದರು.

‘ಉಳಿದ ಆರನ್ನ ನಾನು ಓದಿಕೊಳ್ತೀನಿ, ಅವಳ ದನಿ ಕೇಳ್ಸತ್ತೆ,’ ಅಂದರು. ‘ಇದೊಂದನ್ನ ಕೊರೆದಿದ್ದೀನಿ, ಓದಕ್ಕೆ ಬರಲ್ಲ. ನೀವು ಓದಿ.’

‘ಕೊತ್ತಂಬರಿ,’ ಅಂದೆ.

ಅವರು ತಲೆ ಅಲ್ಲಾಡಿಸಿದರು. ‘ಹಾಗಲ್ಲ.’

ನನ್ನ ಭಾಷೆಯ ಮಾತನ್ನು ನಾನು ಹೇಳಿದ್ದು ಸರಿಯಿಲ್ಲ ಅಂತ ಒಬ್ಬರು ಹೇಳುತ್ತಿದ್ದರು, ಮತ್ತು ಅವರ ಮಾತು ಸರಿಯಾಗಿತ್ತು. ನಾನು ಎದ್ದು ಬೇಲಿಯ ಹತ್ತಿರ ಹೋದೆ. ನಮ್ಮ ತೋಟದ ಕಡೆ ಮುಖ ಮಾಡಿ, ಬಕೆಟ್ ಹಿಡಿದು ನಿಂತ ದೊಡ್ಡ ಕೈಯ ಹೆಂಗಸು ಆಚೆಯವಳನ್ನು ಕರೆಯುವ ಹಾಗೆ, ಸ್ವಲ್ಪ ಗಟ್ಟಿಯಾಗಿ ಕೂಗಿದೆ:

‘ಗೊದ್ದಂಬರಿ?’

ತಿರುಗಿ ನೋಡಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು.

‘ಇನ್ನೊಂದ್ಸಲ,’ ಅಂದರು.